ಮಳೆಗಾಲದ ಬೆಂಡೆಗೆ ಜಗಲಿಯ ಸಸಿ

ಬೆಂಡೆಯ ಬೀಜವನ್ನು ನೇರವಾಗಿ ನೆಲಕ್ಕೆ ಊರುವುದೇ ಉತ್ತಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಾಸರಗೋಡಿನ ಕಡೆ ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಊರಿದ ಬೀಜ ಮೇಲೇಳುವ ಮೊದಲೇ ಮಳೆ ಹಿಡಿದುಬಿಟ್ಟರೆ, ಅರ್ಧ ಬೀಜ ಮಣ್ಣಿನೊಳಗೇ ಕೊಳೆಯುತ್ತದೆ, ಎದ್ದ ಎಳೆಯ ಸಸಿಗಳನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಆದ್ದರಿಂದ ಮಳೆಗಾಲದ ಬೆಳೆಗೆ ಮಾತ್ರ ಜಗಲಿಯಲ್ಲಿ ಸಸಿ ಎಬ್ಬಿಸಿ ನೆಡುವುದನ್ನು ನಾನು ಒಪ್ಪುತ್ತೇನೆ. ಬೇಸಗೆಯ ಬೆಂಡೆಗೆ ಈ ಉಪಚಾರ ಬೇಕಿಲ್ಲ.

ಬದನೆ, ಮೆಣಸಿನ ಸಸಿಗಳನ್ನು ಮಡಿಯಿಂದ ಕಿತ್ತು ನೆಟ್ಟರೂ ಅವು ಚೇತರಿಸಿಕೊಳ್ಳುತ್ತವೆ. ಬೆಂಡೆ ಹಾಗಲ್ಲ. ಅದರ ತಾಯಿಬೇರು ಎಲೆಗಿಂತ ಮೊದಲೇ ನೆಟ್ಟಗೆ ಕೆಳಗಿಳಿಯುತ್ತದೆ, ಆ ಬೇರಿನ ತುದಿ ಮುರಿದರೆ ಗಿಡ ಸಾಯದಿದ್ದರೂ ಗಿಡ್ಡವಾಗಿಯೇ ಉಳಿಯುತ್ತದೆ. ಆದುದರಿಂದ ಸಸಿಯ ಜೊತೆಗೆ ಮಣ್ಣಿಗಿಳಿದು ಅಲ್ಲಿಯೇ ಕರಗುವ ಕುಂಡ ಬೇಕು. ತೆಂಗಿನ ಗೆರಟೆ ಚೆಂದವಾಗಿ ಕಂಡರೂ ಆಳ ಸಾಲದು, ಅದರಿಂದ ಸಸಿಯನ್ನು ಎಬ್ಬಿಸುವಾಗ ಬೇರು ಹರಿಯುತ್ತದೆ. ಗೊನೆ ಕಡಿದ ಬಾಳೆಯ ಹೊರಪಟ್ಟೆಯನ್ನು ಗೇಣುದ್ದ ಕತ್ತರಿಸಿ, ಸುರುಳಿ ಸುತ್ತಿ, ಬಾಳೆನಾರಿನಿಂದಲೇ ಬಿಗಿದು ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯ ಕುಂಡ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಬಾಳೆಯಿಲ್ಲದವರು ಹಳೆಯ ಪತ್ರಿಕೆಯ ಕಾಗದವನ್ನು ಎರಡು ಮೂರು ಪದರವಾಗಿ ಸುತ್ತಿಕೊಳ್ಳಬಹುದು. ಸುಡುಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಸ್ವಲ್ಪ ಹೊಯಿಗೆ (ಮರಳು) ಬೆರೆಸಿ ಅದರಲ್ಲಿ ತುಂಬಬೇಕು. ಹಸಿಗೊಬ್ಬರ ಮಾತ್ರ ಬೇಡ.

ಬೆಂಡೆ ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಕುಂಡವೊಂದಕ್ಕೆ ಎರಡರಂತೆ ಬೆರಳಿನ ಅರ್ಧ ಗಣ್ಣಿನಷ್ಟು ಆಳದಲ್ಲಿ ಊರಿರಿ. ನಮ್ಮ ಸೆಕೆಗೆ ನಾಲ್ಕೈದು ದಿನಗಳಲ್ಲಿ ಮೊಳಕೆ ಮೇಲೇಳುತ್ತದೆ. ಎರಡೂ ಎದ್ದರೆ ಸೊರಗಿದ್ದನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕು, ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ನೀರು ಹನಿಸುವುದರಲ್ಲಿ ಜಿಪುಣತನವೇ ಲೇಸು, ಏಕೆಂದರೆ ಆಷಾಢದ ತೇವದ ಗಾಳಿಯಲ್ಲಿ ಮಣ್ಣು ಸದಾ ಒದ್ದೆಯಾಗಿದ್ದರೆ ಸಸಿಯ ಬುಡ ಕೊಳೆತು ಅಡ್ಡ ಬೀಳುತ್ತದೆ. ಬೆಳಕು ಸಾಲದೆ ಸಸಿ ತೆಳ್ಳಗೆ ಉದ್ದವಾಗತೊಡಗಿದರೆ ಕುಂಡಗಳನ್ನು ಜಗಲಿಯ ಮೂಡುಬದಿಗೆ ಸರಿಸಿರಿ, ಆದರೆ ಮಾಡಿನ ನೀರು ಇಳಿಯುವ ಸಾಲಿನಡಿಯಲ್ಲಿ ಎಂದೂ ಇಡಬೇಡಿ.

ಮೊಳಕೆಯ ಮೊದಲ ಜೋಡಿ ಎಲೆಗಳ ಮೇಲೆ ಎರಡು ಮೂರು ನಿಜ ಎಲೆಗಳು ಮೂಡಿದಾಗ, ಎಂದರೆ ಊರಿ ಎರಡು ಮೂರು ವಾರಗಳಾಗುವಷ್ಟರಲ್ಲಿ, ನೆಟ್ಟುಬಿಡಬೇಕು. ಅದಕ್ಕೂ ಮೊದಲು ನಾಲ್ಕಾರು ದಿನ, ಮಳೆ ಬಿಟ್ಟಾಗಲೆಲ್ಲ ಅಂಗಳದ ಬಿಸಿಲು ಗಾಳಿಗೆ ಸಸಿಗಳನ್ನು ಪಳಗಿಸುವುದು ಅಗತ್ಯ. ಮುರಕಲ್ಲಿನ ನಮ್ಮ ಮಣ್ಣು ಹುಳಿಯಾದ್ದರಿಂದ ಏರಿ ಮಾಡುವಾಗಲೇ, ನೆಡುವ ಎರಡು ವಾರ ಮೊದಲು, ಸುಣ್ಣ ಬೆರೆಸಿಡಬೇಕು. ಏರಿ ಒಂದಡಿ ಎತ್ತರವಿರಲಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಎರಡಡಿ ಅಂತರವಿರಲಿ. ಸಂಜೆಯ ಹೊತ್ತು ಬಾಳೆಪಟ್ಟೆಯ ಕಟ್ಟನ್ನು ಮಾತ್ರ ಕತ್ತರಿಸಿ, ಪಟ್ಟೆಸಹಿತವಾಗಿಯೇ ಕುಳಿಗಿಳಿಸಿ, ಪಟ್ಟೆಯ ಅಂಚು ಮೇಲೆ ಕಾಣದಂತೆ ಮಣ್ಣು ಮುಚ್ಚಿರಿ. ನಾಲ್ಕೈದು ಸಸಿಗಳನ್ನು ಜಗಲಿಯಲ್ಲಿಯೇ ಉಳಿಸಿಕೊಂಡರೆ ಸತ್ತದ್ದರ ಜಾಗಕ್ಕೆ ಒದಗುತ್ತವೆ.

ತಳಿಯ ವಿಚಾರದಲ್ಲಿ, ಎಲೆಯ ನರ ಹಳದಿಯಾಗುವ ರೋಗವನ್ನು ತಡೆಯಲೆಂದೇ ರೂಪಿಸಿದ ಅರ್ಕಾ ಅನಾಮಿಕಾ ಹೊಸಬರಿಗೆ ಸಲ್ಲುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಅರುಣಾ ಕೆಂಪು ಕಾಯಿಯದು. ಯಾವ ತಳಿಯಾದರೂ ಆ ರೋಗ ತಗುಲಿದ ಗಿಡವನ್ನು ಕಿತ್ತು ಸುಡಬೇಕು, ಬಿಳಿನೊಣ ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತದೆ. ಹೂವರಳಿದ ಐದಾರು ದಿನಗಳಲ್ಲಿ ಕಾಯಿ ಕೊಯ್ಯದಿದ್ದರೆ ನಾರುಗಟ್ಟುತ್ತದೆ, ಮುಂದಿನ ಹೂವೂ ಕಡಿಮೆಯಾಗುತ್ತದೆ. ಬಿತ್ತಿಗೆಂದು ಕಾಯಿ ಬಿಡುವುದಾದರೆ ರೋಗವಿಲ್ಲದ ಒಂದೆರಡು ಗಿಡಗಳನ್ನು ಗುರುತಿಸಿ, ಅವುಗಳಲ್ಲಿ ಮಾತ್ರ ಬಿಡಿ.