ಸರಪಳಿ ಶಾನುಭೋಗ ಹುಟ್ಟಿದ್ದು ಹೀಗೆ: ಆಟದ ಸೀಮೆಗೆ ದೆವ್ವ ಕಟ್ಟಿದ ನನ್ನ ಅನುಭವ

ಒಬ್ಬ ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಡೈಸ್ ಹಾಕಿ ಆಡುವ ರೋಲ್ ಪ್ಲೇಯಿಂಗ್ ಆಟಕ್ಕೆ ನಾನು ಬರೆದ ‘ಮುಳುಗುಸೀಮೆ’ ಪುಸ್ತಿಕೆಯ ಎರಡನೇ ಸಲದ ಪ್ರತಿಗಳೂ ಹೆಚ್ಚುಕಡಿಮೆ ಖಾಲಿಯಾಗಿವೆ. ನನಗೆ ಗೊತ್ತಿರುವ ಮೂರ್ನಾಲ್ಕು ಆಟದ ಟೇಬಲ್‌ಗಳಲ್ಲಿ ಬೇರೆಯವರು ಅದರ ದೆವ್ವಗಳನ್ನು ಆಡಿಸುತ್ತಿದ್ದಾರೆ. "ಕನ್ನಡದಲ್ಲಿ ರೋಲ್ ಪ್ಲೇಯಿಂಗ್ ಆಟ ಯಾರು ಆಡ್ತಾರೆ ಗುರೂ? ಅದರಲ್ಲೂ ನೀನೇ ಕಟ್ಟಿದ ದೆವ್ವ! ನಗ್ತಾರೆ ಅಷ್ಟೇ" ಅಂದವರಲ್ಲಿ ಇಬ್ಬರು ಈಗ ಪಿಡಿಎಫ್ ಕಳಿಸು ಅಂತಿದ್ದಾರೆ. ಕಳಿಸ್ತೀನಿ, ಪುಕ್ಕಟೆ ಅಲ್ಲ.

ಇಪ್ಪತ್ತು ಮುಖದ ಡೈಸ್ ಯಾವುದು, ಸ್ಟ್ಯಾಟ್ ಬ್ಲಾಕ್ (ದೆವ್ವದ ಬಲಾಬಲದ ಅಂಕಿಪಟ್ಟಿ) ಓದೋದು ಹೇಗೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ. ಅದು ಗೊತ್ತಿದ್ದೂ ಸ್ವಂತ ಸೀಮೆ, ಅಂದರೆ ಆಟ ನಡೆಯುವ ಕಲ್ಪನೆಯ ನಾಡು, ಕಟ್ಟಲು ಹೋಗಿ ಕೈಸುಟ್ಟುಕೊಂಡವರಿಗೆ ಇದು.

ಮೊದಲು ನಾನು ಕಟ್ಟಿದ ಸೀಮೆಯಲ್ಲಿ ಎಲ್ಲವೂ ಇತ್ತು. ಅರಳಿಮರಕ್ಕೆ ಬ್ರಹ್ಮರಾಕ್ಷಸ, ಹಾದಿಗೆ ಮೋಹಿನಿ, ಗದ್ದೆ ಬಯಲಿಗೆ ಕೊಳ್ಳಿದೆವ್ವ, ಅರಮನೆ ಮೇಲೆ ಗಂಡಭೇರುಂಡ. ರಾಜವಂಶದ ಚರಿತ್ರೆಯೇ ಮೂವತ್ತು ನಲವತ್ತು ಪುಟ. ಚಿತ್ರ ಬರೆಯುವ ಹುಡುಗನಿಗೆ ಒಂದೊಂದಕ್ಕೆ ₹1,500ರಂತೆ ಕೊಟ್ಟೆ, ಒಟ್ಟು ₹12 ಸಾವಿರದ ಹತ್ತಿರ ಹೋಯಿತು. ಟೇಬಲ್‌ನಲ್ಲಿ ಆಗಿದ್ದೇನು? ಅರಳಿಮರ ಅಂದ ಕೂಡಲೇ ಒಬ್ಬ "ಬ್ರಹ್ಮರಾಕ್ಷಸ ತಾನೇ? ಪ್ರಶ್ನೆ ಕೇಳ್ತಾನೆ, ಉತ್ತರ ಹೇಳಿದ್ರೆ ಬಿಡ್ತಾನೆ" ಅಂದ. ಮೋಹಿನಿ ಬಂದಾಗ ಎಲ್ಲರೂ ಕಾಲು ನೋಡಿದರು. ಹೆದರಿಕೆ ಎಲ್ಲಿಂದ ಬರಬೇಕು? ಅಜ್ಜಿ ಆಗಲೇ ಎಲ್ಲ ಹೇಳಿ ಮುಗಿಸಿದ್ದಳು.

ಎರಡನೇ ಸಲ ಉಲ್ಟಾ ಹೋದೆ. ಯಾವುದೂ ಹಳೆಯದು ಬೇಡ, ಹೆಸರು, ರೂಪ, ಎಲ್ಲವೂ ಹೊಸದು. ಅದು ಇನ್ನೂ ಕೆಟ್ಟದಾಗಿ ನೆಗೆದುಬಿತ್ತು. ನಾನು ವಾರಗಟ್ಟಲೆ ಕೂತು ಹುಡುಕಿದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. "ಆ ಉದ್ದ ಕೈದು", "ಮೊನ್ನೆ ಸತ್ತಿದ್ದು" ಅಂತಲೇ ಕರೆದರು. ಮೂರು ರೌಂಡಿನಲ್ಲಿ ಕೊಂದು ಎಕ್ಸ್‌ಪಿ (ಕೊಂದದ್ದಕ್ಕೆ ಸಿಗುವ ಅಂಕ) ಎಷ್ಟು ಅಂತ ಕೇಳಿದರು. ಹೊಸ ದೆವ್ವಕ್ಕೆ ಬೆನ್ನ ಹಿಂದೆ ಊರು ಇಲ್ಲದಿದ್ದರೆ ಅದು ಬರೀ ಹಿಟ್ ಪಾಯಿಂಟಿನ, ಅಂದರೆ ಜೀವದ ಅಂಕಗಳ, ಮೂಟೆ.

ನಡುವೆ ಕರಾವಳಿಯ ದೈವಗಳನ್ನು ತರೋಣ ಅಂತ ಒಬ್ಬರು ಸಲಹೆ ಕೊಟ್ಟರು. ನಮ್ಮ ಟೇಬಲ್‌ನಲ್ಲಿರುವ ಪುತ್ತೂರಿನ ಹುಡುಗ ಒಂದೇ ಮಾತು ಕೇಳಿದ: "ನಮ್ಮನೆ ದೈವಕ್ಕೆ ಆರ್ಮರ್ ಕ್ಲಾಸ್ ಎಷ್ಟು ಹಾಕ್ತೀರಿ?" (ಏಟು ತಾಗಿಸುವುದು ಎಷ್ಟು ಕಷ್ಟ ಅನ್ನುವ ಅಂಕಿ ಅದು.) ಅಲ್ಲಿಗೆ ಮುಗಿಯಿತು. ಪಂಜುರ್ಲಿ, ಗುಳಿಗ ಇವರಿಗೆಲ್ಲ ಇವತ್ತಿಗೂ ಕೋಲ ನಡೆಯುತ್ತದೆ, ಜನ ಹರಕೆ ಹೊರುತ್ತಾರೆ, ನ್ಯಾಯ ಕೇಳುತ್ತಾರೆ. ಮಲೆನಾಡಿನ ಚೌಡಿ, ಜಟಕನ ವಿಷಯವೂ ಅಷ್ಟೇ. ಪೂಜೆ ನಡೆಯುವ ಯಾವುದನ್ನೂ ಮುಟ್ಟಬಾರದು ಅನ್ನೋದು ಅಂದಿನಿಂದ ನನ್ನ ನಿಯಮ. ಇದಕ್ಕೆ ಚರ್ಚೆ ಬೇಡ.

ದಾರಿ ಸಿಕ್ಕಿದ್ದು ಶರಾವತಿ ಹಿನ್ನೀರಿನ ಕಡೆ ಓಡಾಡುವಾಗ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಊರು, ತೋಟ, ಗದ್ದೆ ಮುಳುಗಿದವು. ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಅದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ನುಂಗಿದ ಜಾಗ! ಅಲ್ಲಿ ಒಬ್ಬ ಹಿರಿಯರು ಬಿರುಕುಬಿಟ್ಟ ಕೆಸರು ತೋರಿಸಿ "ಅಲ್ಲಿ ನಮ್ದು ಎರಡೆಕ್ರೆ ಹದಿನಾಲ್ಕು ಗುಂಟೆ ಇತ್ತು ತಮಾ" ಅಂದರು. ಅವರು ಹೇಳಿದ್ದು ಇಷ್ಟೇ. ದೆವ್ವದ ಮಾತೇ ಇಲ್ಲ. ಆದರೆ ಆ ಹದಿನಾಲ್ಕು ಗುಂಟೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಳುಗಿದ ಜಮೀನಿನ ಲೆಕ್ಕವನ್ನು ಯಾರೋ ಇನ್ನೂ ಇಟ್ಟುಕೊಂಡಿದ್ದಾರೆ ಅನ್ನುವುದೇ ಸಾಕಾಗಿತ್ತು.

ಹಾಗೆ ಹುಟ್ಟಿದವನು ಸರಪಳಿ ಶಾನುಭೋಗ. ನಮ್ಮ ಆಟದ ಸೀಮೆಯಲ್ಲಿ ಹೊಳೆಗೆ ಅಣೆಕಟ್ಟು ಕಟ್ಟಿಸಿದ್ದು ಒಬ್ಬ ರಾಣಿ. ಊರು ಮುಳುಗಿದ ದಿನ ಲೆಕ್ಕದ ಕಡತ ಬಿಟ್ಟು ಬರದವನು ಈ ಶಾನುಭೋಗ. ನೀರು ಇಳಿದ ತಿಂಗಳಲ್ಲಿ ಮಟಮಟ ಮಧ್ಯಾಹ್ನ ಕೆಸರಿನ ಮೇಲೆ ಬಾಂದುಕಲ್ಲು ಹುಡುಕುತ್ತಾ ಜಮೀನು ಅಳೆಯುವ ಸರಪಳಿ ಎಳೆದುಕೊಂಡು ಬರುತ್ತಾನೆ. ಎದುರು ಸಿಕ್ಕವರಿಗೆ ಒಂದೇ ಪ್ರಶ್ನೆ: "ಇದು ಯಾರ ಜಾಗ?" ‘ನಂದು’ ಅಂದರೆ ಕಾಗದಪತ್ರ ತೋರಿಸಬೇಕು. ‘ನಿಂದು’ ಅಂದರೆ ಬಾಕಿ ಕಂದಾಯ ನಿಮ್ಮ ತಲೆಗೆ, ಜೀವದ ರೂಪದಲ್ಲಿ. ‘ಗೊತ್ತಿಲ್ಲ’ ಅಂದರೆ ಸರಪಳಿಯ ಇನ್ನೊಂದು ತುದಿ ಹಿಡಿದು ಅಳತೆಗೆ ನಿಲ್ಲಬೇಕು, ನೀರು ವಾಪಸ್ ಬರುವವರೆಗೂ. ಸರಿಯಾದ ಉತ್ತರ ಒಂದಿದೆ, ಪುಸ್ತಿಕೆಯಲ್ಲಿದೆ.

ಈಗ ನನ್ನ ವಿಧಾನಕ್ಕೆ ಬರುತ್ತೇನೆ. ದೆವ್ವ ಹೇಗಿದೆ ಅಂತ ಮೊದಲು ಕೇಳಬೇಡಿ. ಈ ದೆವ್ವದ ಕಥೆಯಿಂದ ಯಾರ ಹೊಟ್ಟೆ ತುಂಬುತ್ತೆ ಅಂತ ಕೇಳಿ. ಕಥೆ ಹೇಳುವವನಿಗೆ ಏನೋ ಲಾಭ ಇರಲೇಬೇಕು. ಮುಳುಗುಸೀಮೆಯಲ್ಲಿ ದೋಣಿಯವನು "ಕೆಸರಿನ ಮೇಲೆ ನಡ್ಕೊಂಡು ಹೋಗ್ಬೇಡಿ, ಶಾನುಭೋಗ ಹಿಡೀತಾನೆ" ಅಂತಾನೆ. ನಡೆದುಕೊಂಡು ಹೋದರೆ ಅವನಿಗೆ ದೋಣಿ ಬಾಡಿಗೆ ಎಲ್ಲಿಂದ? ದನ ಕಾಯುವವನು "ಅವನು ಏನೂ ಮಾಡಲ್ಲ ಸ್ವಾಮಿ, ಪಾಪ" ಅಂತಾನೆ. ಬೇಸಿಗೆಯಲ್ಲಿ ಹಸಿರು ಹುಲ್ಲು ಇರುವುದು ಆ ಕೆಸರಿನ ಅಂಚಿನಲ್ಲಿ ಮಾತ್ರ, ಜನ ಹೆದರಿ ಅಡ್ಡಹಾದಿ ಹಿಡಿದು ಹುಲ್ಲು ತುಳಿಯುವುದು ಅವನಿಗೆ ಬೇಡ. ಮೂರನೆಯವಳು ಒಬ್ಬ ಮುದುಕಿ, ಅವಳಿಗೆ ಭಾವನ ಮಕ್ಕಳ ಮೇಲೆ ಹಿಸ್ಸೆಯ ವ್ಯಾಜ್ಯ. ಮೂವರ ಕಥೆಯಲ್ಲೂ ಒಂದು ನಿಜ, ಒಂದು ಸುಳ್ಳು, ಒಂದು ತಮ್ಮ ಅನುಕೂಲದ ಮಾತು. ಆಟಗಾರರು ದೆವ್ವಕ್ಕಿಂತ ಮೊದಲು ಮನುಷ್ಯರನ್ನು ಬಿಡಿಸಬೇಕಾಯಿತು. ಒಂದಿಡೀ ಸೆಷನ್ ದೆವ್ವ ಕಾಣಿಸಲೇ ಇಲ್ಲ. ಮುಗಿದ ಮೇಲೂ ಟೀ ಕುಡಿಯುತ್ತಾ "ಆ ದೋಣಿಯವ ಕಳ್ಳ ಕಣೋ" ಅಂತ ಜಗಳ ಆಡುತ್ತಿದ್ದರು. ಅವತ್ತೇ ಗೊತ್ತಾಯಿತು ಇದು ಓಡುತ್ತದೆ ಅಂತ.

ಮುದುಕಿಯ ಕಥೆಯನ್ನು ಯಾವಾಗ, ಯಾವ ಆಟಗಾರನ ಕಿವಿಗೆ ಹಾಕಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಟೇಬಲಿನವರೂ ಇದನ್ನು ಓದುತ್ತಾರೆ, ಅವರ ಮೇಲೆ ಇನ್ನೂ ಒಂದು ಸಲ ಪ್ರಯೋಗ ಮಾಡುವುದು ಬಾಕಿ ಇದೆ.

ಸ್ಟ್ಯಾಟ್ ಬ್ಲಾಕ್ ಮಾತ್ರ ನಾನು ಹೊಸದಾಗಿ ಬರೆಯಲೇ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ರೇತ್ ಅನ್ನುವ ಪ್ರೇತವನ್ನು ಎತ್ತಿಕೊಂಡೆ: ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 67, ಚಾಲೆಂಜ್ (ಎದುರಿಸುವ ಕಷ್ಟದ ಮಟ್ಟ) 5. ಬಿಸಿಲಿಗೆ ಅಂಜುವ ಗುಣ ಕಿತ್ತುಹಾಕಿದೆ, ಮಧ್ಯಾಹ್ನದ ದೆವ್ವ ಅಲ್ವಾ. ಬದಲಿಗೆ ನೆರಳು ಉದ್ದವಾದಷ್ಟೂ ಅವನ ಹೊಡೆತ ಕಮ್ಮಿ. ಸರಪಳಿಯ ಉದ್ದ 33 ಅಡಿ, ಯಾಕಂದರೆ 33 ಅಡಿ ಚೌಕಕ್ಕೆ ಒಂದು ಗುಂಟೆ. ನಕ್ಷೆಯ ಮೇಲೆ ಒಂದು ಚೌಕಕ್ಕೆ ಐದಡಿ ಅಂದರೆ ಆರೂವರೆ ಚೌಕ ಚಿಲ್ಲರೆ. ಆರೋ ಏಳೋ ಅಂತ ಟೇಬಲ್‌ನಲ್ಲಿ ಜೋರು ವಾದ ಆಯಿತು. ನಾನು ಬಾಯಿ ಬಿಡಲಿಲ್ಲ. ಜಮೀನಿನ ಅಳತೆಯಲ್ಲಿ ಜಗಳ ಬರಲಿ ಅಂತಲೇ ಆ ದೆವ್ವ ಇರೋದು! ಈ ನಿಯಮಗಳ 5.1 ಸಂಗ್ರಹ 2023ರ ಜನವರಿಯಲ್ಲಿ, ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ಗೆ ಬಂದಿದೆ. ಮೂಲ ಯಾರದು ಅಂತ ಕೃಪೆಯ ಸಾಲು ಹಾಕಿ ಮಾರಾಟ ಮಾಡಬಹುದು, ತಲೆನೋವಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ವೀರಗಲ್ಲು. ಕೆಸರಿನಲ್ಲಿ ಅರ್ಧ ಹೂತ ಕಲ್ಲು ಅಂತ ಹೇಳಿ ಒಂದು ಜೆರಾಕ್ಸ್ ಹಾಳೆ ಮುಂದಿಟ್ಟೆ. ಮೂರು ಪಟ್ಟಿ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಸರಪಳಿ ಹಿಡಿದವನ ಜೊತೆ ಕಾದಾಡುವ ವೀರ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ, ಸೂರ್ಯ ಚಂದ್ರ. ನಮ್ಮವರು ಕಾಮಿಕ್ಸ್ ಓದಿದ ಹಾಗೆ ಮೇಲಿಂದ ಓದಿದರು. ದೇವರು ವರ ಕೊಟ್ಟ, ಅಪ್ಸರೆಯರು ವೀರನನ್ನು ಕೆಳಗಿಳಿಸಿದರು, ಅವನು ಗೆದ್ದ ಅಂತ ತೀರ್ಮಾನಿಸಿ ಶಾನುಭೋಗನ ಜೊತೆ ನೀರಿನಲ್ಲೇ ಹೊಡೆದಾಟಕ್ಕೆ ಹೊರಟರು. ಶಿಕಾರಿಪುರದ ಕಡೆಯವಳೊಬ್ಬಳು ಬಳ್ಳಿಗಾವಿಯಲ್ಲಿ ಇಂಥವು ಎಷ್ಟೋ ನೋಡಿದ್ದಳು. "ಲೇ ತಡೀರಿ, ಇದನ್ನ ಕೆಳಗಿಂದ ಓದ್ಬೇಕು. ಇವ್ನು ಗೆದ್ದಿಲ್ಲ, ಸತ್ತಿದಾನೆ" ಅಂದಳು. ಟೇಬಲ್ ಪೂರ್ತಿ ಸುಮ್ಮನಾಯಿತು. ನೂರು ಪುಟ ಚರಿತ್ರೆ ಬರೆದಿದ್ದರೂ ಆಗದ ಕೆಲಸವನ್ನು ಎರಡು ರೂಪಾಯಿ ಜೆರಾಕ್ಸ್ ಮಾಡಿತು. ಆ ಹಾಳೆಯಲ್ಲಿ ಇನ್ನೊಂದು ಗುಟ್ಟು ಇದೆ, ಸೂರ್ಯ ಚಂದ್ರರ ಜಾಗ ನೋಡಿ. ಇಲ್ಲಿಯವರೆಗೆ ಯಾರೂ ಹಿಡಿದಿಲ್ಲ.

ಪಕ್ಕದಲ್ಲಿ ಮಾಡಿದ ಪ್ರಯೋಗ ಒಂದೆರಡು. ಡೈಸ್ ಬದಲು ಕವಡೆ ಹಾಕೋಣ ಅಂತ ಹೊರಟೆ. ಚೌಕಾಬಾರದ ಲೆಕ್ಕವೇ: ಒಂದು, ಎರಡು, ಮೂರು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಮಗುಚಿದರೆ ಬಾರ ಅಂದರೆ ಎಂಟು. ಕೇಳಲು ಸೊಗಸು, ಹೊಡೆದಾಟಕ್ಕೆ ಬರೀ ಕಿರಿಕಿರಿ. ಎಲ್ಲ ಕವಡೆಯೂ ಸಮ ಬಿದ್ದರೂ ಹದಿನಾರರಲ್ಲಿ ಆರು ಸಲ ಎರಡೇ ಬರಬೇಕು. ನನ್ನ ಕವಡೆಗಳು ಸಮವೂ ಇರಲಿಲ್ಲ. ಈಗ ಶಕುನ ನೋಡುವುದಕ್ಕೆ ಮಾತ್ರ ಬಳಸುತ್ತೇನೆ. ಬಾರ ಬಿದ್ದರೆ ಅಂದು ಶಾನುಭೋಗ ಹಾದಿಗೆ ಬರುವುದಿಲ್ಲ.

ಇನ್ನೊಂದು, 90ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ಅದನ್ನು ಹಾಗೇ ತಂದರೆ ಮತ್ತೆ ಅಜ್ಜಿ ಕಥೆ ಆಗುತ್ತದೆ. ಆದ್ದರಿಂದ ಕೇಳಿದ್ದು ಅದೇ ಪ್ರಶ್ನೆ, ಬಾಗಿಲು ಬರಹದಿಂದ ಲಾಭ ಯಾರಿಗೆ? ಒಂದು ಊರಿನಲ್ಲಿ ಅಕ್ಷರ ಬಲ್ಲವನು ಒಬ್ಬನೇ ಅಂತ ಇಟ್ಟೆ. ಬಾಗಿಲಿಗೆ ಬರೆಯಲು ಮನೆಗೆ ಇಷ್ಟು ಅಂತ ಭತ್ತ ವಸೂಲಿ ಮಾಡುತ್ತಾನೆ. ಕೊಡದವರ ಬಾಗಿಲಿಗೆ ‘ಇಂದೇ ಬಾ’ ಅಂತ ಬರೆಯುತ್ತಾನೆ, ಅವರಿಗೆ ಓದಲು ಬರುವುದಿಲ್ಲ. ಇದು ಒಂದೇ ಸಂಜೆಯ ಆಟ, ಆದರೆ ಬಹಳ ಜನ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ದುಡ್ಡಿನ ವಿಷಯ. ಪುಸ್ತಿಕೆ ಎ5 ಅಳತೆ, ಅರವತ್ತು ಪುಟದ ಆಸುಪಾಸು, ಒಳಗೆಲ್ಲ ಕಪ್ಪು ಬಿಳುಪು. ಮೊದಲ ಸಲ ನೂರು ಪ್ರತಿ, ಒಂದಕ್ಕೆ ₹75 ಬಿತ್ತು ಅಂತ ನೆನಪು. ಮಾರಿದ್ದು ₹150ಕ್ಕೆ. ಆದರೆ ಅದಕ್ಕೂ ಮೊದಲು ಒಂದು ಕಂತೆ ರದ್ದಿಗೆ ಹೋಗಿತ್ತು. ನಾನು ಯೂನಿಕೋಡ್‌ನಲ್ಲಿ ಕೊಟ್ಟೆ, ಡಿಟಿಪಿಯವರು ತಮ್ಮ ಹಳೆಯ ಫಾಂಟಿಗೆ ತಿರುಗಿಸಿದರು, ಅರ್ಕಾವೊತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹೋಗಿ ಕೂತವು. "ಅಷ್ಟು ಯಾರು ನೋಡ್ತಾರೆ ಸಾರ್" ಅಂದರು. ದುಡ್ಡು ವಾಪಸ್ ಬರಲಿಲ್ಲ, ಮೂರು ಸಾವಿರ ಚಿಲ್ಲರೆ. ಈಗ ನಾನೇ ಪುಟ ಕಟ್ಟಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾತ್ರ ಕೊಡುತ್ತೇನೆ. ಅಂಚೆ ಖರ್ಚು, ಟೀ ಕಾಫಿ ಎಲ್ಲ ಸೇರಿಸಿದರೆ ಮೊದಲ ಸೀಮೆಯ ಚಿತ್ರದ ಸಾಲ ಈಗಷ್ಟೇ ತೀರಿದೆ. ಮುಳುಗುಸೀಮೆಯಲ್ಲಿ ದೆವ್ವದ ಚಿತ್ರ ಒಂದೂ ಇಲ್ಲ, ಬರೀ ಕಲ್ಲು, ಸರಪಳಿ, ನಕ್ಷೆ. ಅದಕ್ಕೇ ಚೆನ್ನಾಗಿದೆ ಅಂತ ಓದಿದವರೇ ಹೇಳುತ್ತಾರೆ.

ಸದ್ಯ ಕೋಲಾರದ ಕಡೆಯ ಬಯಲಿಗೆ ಕೈ ಹಾಕಿದ್ದೇನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ಹೇಳುವವನೊಬ್ಬ, ಸಾವಿರ ಅಡಿಯ ಕೆಳಗೆ ಕೂತು ಆ ಕಾಯಿಯನ್ನು ಎಬ್ಬಿಸಿ ನಿಲ್ಲಿಸುವುದು ಇನ್ನೊಂದು. ಇಬ್ಬರಿಗೂ ಪಾಲು ಹೇಗೆ ಅನ್ನುವುದು ಇನ್ನೂ ಕೂತಿಲ್ಲ. ರಿಗ್ ಲಾರಿಯವನಿಗೂ ಒಂದು ಪಾಲು ಕೊಡಬೇಕು ಅನ್ನಿಸುತ್ತಿದೆ. ಬಯಲುಸೀಮೆಯವರು ಯಾರಾದರೂ ಟೇಬಲ್‌ಗೆ ಬಂದು ಕೂರುವುದಾದರೆ ಭಾನುವಾರ ಎರಡು ಕುರ್ಚಿ ಖಾಲಿ ಇವೆ.