ಗ್ರ್ಯಾನುಲೋಮಾ ಕಂಡೊಡನೆ ಕ್ಷಯ ಎಂದು ಬರೆಯುತ್ತಿದ್ದ ದಿನಗಳು

ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ, ಕುತ್ತಿಗೆಯ ದುಗ್ಧಗ್ರಂಥಿಯ ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ (ರಕ್ಷಣಾ ಕೋಶಗಳು ಒತ್ತಾಗಿ ಸೇರಿದ ಪುಟ್ಟ ಗಂಟು) ಇದ್ದು, ಅದರ ನಡುವೆ ಚೀಸ್‌ನಂತೆ ಪುಡಿಪುಡಿಯಾದ ಸತ್ತ ಅಂಗಾಂಶವೂ ಕಂಡರೆ, ವರದಿಯಲ್ಲಿ ಕ್ಷಯ ಎಂದು ಬರೆಯಲು ನಾನು ಹಿಂಜರಿಯುತ್ತಿರಲಿಲ್ಲ. ಕ್ಷಯ ಹೆಚ್ಚಾಗಿರುವ ಕಡೆ ಆ ಊಹೆ ಬಹುತೇಕ ಸರಿಯಾಗುತ್ತದೆಯಾದ್ದರಿಂದ ಅಭ್ಯಾಸವೂ ಬಲಿಯಿತು.

ಅಂಥ ಒಂದು ವರದಿಯ ರೋಗಿ ತಿಂಗಳುಗಟ್ಟಲೆ ಕ್ಷಯದ ಔಷಧಿ ತೆಗೆದುಕೊಂಡರೂ ಗುಣವಾಗಲಿಲ್ಲ. ಅಂಗಾಂಶವನ್ನು ಮೇಣದಲ್ಲಿ ಕೂಡಿಸಿಟ್ಟ ಹಳೆಯ ಬ್ಲಾಕ್ ಹೊರತೆಗೆದು ಮತ್ತೆ ಕತ್ತರಿಸಿ, ಶಿಲೀಂಧ್ರಗಳನ್ನು ಕಪ್ಪಾಗಿ ತೋರಿಸುವ ಬೆಳ್ಳಿಯ ಬಣ್ಣ ಹಾಕಿದಾಗ, ಸತ್ತ ಭಾಗದ ನಟ್ಟನಡುವೆ ಎರಡರಿಂದ ನಾಲ್ಕು ಮೈಕ್ರಾನ್ ಗಾತ್ರದ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರದ ಕೋಶಗಳು ಸಾಲುಗಟ್ಟಿ ಕಂಡವು. ಮಾಮೂಲಿ ಬಣ್ಣದ ಸ್ಲೈಡಿನಲ್ಲಿ ಅವುಗಳ ಸುಳಿವೇ ಇರಲಿಲ್ಲ. ಆ ಬಣ್ಣವನ್ನು ಮೊದಲೇ ಕೇಳದೇ ಹೋದದ್ದು ನನ್ನ ತಪ್ಪು.

ಗ್ರ್ಯಾನುಲೋಮಾ ರೋಗದ ಹೆಸರಲ್ಲ, ದೇಹ ಪ್ರತಿಕ್ರಿಯಿಸುವ ಒಂದು ಬಗೆ. ಸುಲಭವಾಗಿ ಕರಗಿಸಲಾಗದ ವಸ್ತು ಎದುರಾದಾಗ ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿ, ಹೊರವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನು ಪ್ರಚೋದಿಸುತ್ತವೆ. ಈ ಮ್ಯಾಕ್ರೋಫೇಜ್‌ಗಳು ಉಬ್ಬಿ ಒತ್ತಾಗಿ ಸೇರಿ ಎಪಿಥೀಲಿಯಾಯ್ಡ್ ಕೋಶಗಳಾಗುತ್ತವೆ, ಕೆಲವು ಒಂದಾಗಿ ದೈತ್ಯಕೋಶಗಳಾಗುತ್ತವೆ. ಕೋಶಕೇಂದ್ರಗಳು ಅಂಚಿನಲ್ಲಿ ಕುದುರೆಲಾಳದ ಆಕಾರದಲ್ಲಿ ನಿಂತಿರುವ ಲ್ಯಾಂಗ್‌ಹಾನ್ಸ್ ದೈತ್ಯಕೋಶ ಕಂಡರೆ ವಿದ್ಯಾರ್ಥಿಗಳು ಸಂಭ್ರಮಿಸುತ್ತಾರೆ, ಆದರೆ ಅದು ಕ್ಷಯಕ್ಕೆ ಮಾತ್ರ ಮೀಸಲಾದುದಲ್ಲ.

ಆ ಘಟನೆಯ ನಂತರ ನನ್ನ ಕ್ರಮ ಬದಲಾಯಿತು. ಸತ್ತ ಭಾಗವಿದ್ದರೆ, ಕ್ಷಯದ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಜೀಲ್-ನೀಲ್ಸನ್ ಬಣ್ಣವನ್ನೂ ಬೆಳ್ಳಿಯ ಬಣ್ಣವನ್ನೂ ಒಟ್ಟಿಗೇ ಕೇಳುತ್ತೇನೆ. ಜೀಲ್-ನೀಲ್ಸನ್ ಸ್ಲೈಡನ್ನು ಎಣ್ಣೆ ಹಾಕಿದ ನೂರರ ಮಸೂರದ ಕೆಳಗಿಟ್ಟು, ಸತ್ತ ಭಾಗ ಮತ್ತು ಅದರ ಅಂಚುಗಳಲ್ಲಿ ನೀಲಿ ಹಿನ್ನೆಲೆಯ ನಡುವೆ ಕೆಂಪು ಕಡ್ಡಿಗಳನ್ನು ಹುಡುಕುವುದು ತಾಳ್ಮೆಯ ಕೆಲಸ. ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ವಿರಳವಾದ್ದರಿಂದ ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಷಯ ಇಲ್ಲವೆನ್ನಲಾಗದು. ಗ್ರ್ಯಾನುಲೋಮಾ ನರದ ಗುಂಟ ಹಬ್ಬಿದ್ದರೆ ಕುಷ್ಠವನ್ನು ನೆನೆದು, ಅದರ ಬ್ಯಾಕ್ಟೀರಿಯಾವನ್ನು ತೋರಿಸುವ ಫೈಟ್ ಬಣ್ಣ ಹಾಕಿಸುತ್ತೇನೆ. ನಡುವೆ ನಕ್ಷತ್ರಾಕಾರದ ಕೀವು ಇದ್ದರೆ ಬೆಕ್ಕಿನ ಪರಚಿನಿಂದ ಬರುವ ಸೋಂಕನ್ನು ನೆನೆದು, ಬೆಕ್ಕು ಪರಚಿತ್ತೇ ಎಂದು ವಿಚಾರಿಸುತ್ತೇನೆ. ಸತ್ತ ಭಾಗವಿಲ್ಲದೆ ಅಚ್ಚುಕಟ್ಟಾಗಿದ್ದರೆ ಕಾರಣ ಗೊತ್ತಿಲ್ಲದ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ನೆನಪಾಗುತ್ತದೆ, ಆದರೆ ಸೋಂಕುಗಳನ್ನು ತಳ್ಳಿಹಾಕದೆ ಆ ಹೆಸರು ಬರೆಯುವುದಿಲ್ಲ, ಏಕೆಂದರೆ ಅದಕ್ಕೆ ಕೊಡುವ ಸ್ಟಿರಾಯ್ಡ್ ಅಡಗಿರುವ ಕ್ಷಯವನ್ನೋ ಶಿಲೀಂಧ್ರವನ್ನೋ ಕೆರಳಿಸಬಹುದು. ಕೆಲವು ಹೊರವಸ್ತುಗಳು ಹೊಳೆದು ಕಾಣುವ ಧ್ರುವೀಕೃತ ಬೆಳಕಿನಲ್ಲಿ ಒಮ್ಮೆ ನೋಡಲು ಅರ್ಧ ನಿಮಿಷ ಸಾಕು. ಹಳೆಯ ಶಸ್ತ್ರಚಿಕಿತ್ಸೆಯ ಹೊಲಿಗೆಯ ಎಳೆ ಹೊಳೆದು ಎಷ್ಟೋ ಬಾರಿ ಒಗಟು ಅಲ್ಲಿಯೇ ಬಿಡಿಸಿಕೊಂಡಿದೆ. ಕ್ಯಾನ್ಸರಿನ ಹತ್ತಿರದ ಗ್ರಂಥಿಗಳಲ್ಲಿಯೂ ದುಗ್ಧಗ್ರಂಥಿಯದೇ ಕ್ಯಾನ್ಸರಾದ ಹಾಜ್‌ಕಿನ್ ಲಿಂಫೋಮಾದಲ್ಲಿಯೂ ಗ್ರ್ಯಾನುಲೋಮಾ ಇರಬಹುದಾದ್ದರಿಂದ ಉಳಿದ ಭಾಗವನ್ನೂ ಬಿಡದೆ ನೋಡುತ್ತೇನೆ.

ನನ್ನನ್ನು ಇಂದಿಗೂ ಕಾಡುವುದು ಅಂಗಾಂಶ ಕೆಡದಂತೆ ಇಡುವ ದ್ರಾವಣ, ಫಾರ್ಮಲಿನ್. ಇಡೀ ಗ್ರಂಥಿಯನ್ನು ಅದರಲ್ಲಿ ಮುಳುಗಿಸಿ ಕಳುಹಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಲ್ಚರ್ ಮಾಡಲು, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು, ಏನೂ ಉಳಿಯುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಕರಿಗೆ ಮುಂಚೆಯೇ ಫೋನ್ ಮಾಡಿ, ಒಂದು ತುಂಡನ್ನು ಶುದ್ಧವಾದ ಸಲೈನ್‌ನಲ್ಲಿ ಬೇರೆಯಾಗಿ ಕೊಡಿ ಎಂದು ಕೇಳುತ್ತೇನೆ. ಘನ ಮಾಧ್ಯಮದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬೆಳೆಯಲು ವಾರಗಳೇ ಹಿಡಿದರೂ, ಅದೇ ತುಂಡಿನಿಂದ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಡಿಎನ್‌ಎ ಜೊತೆಗೆ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಪ್ರತಿರೋಧವನ್ನೂ ಪತ್ತೆಮಾಡಬಲ್ಲದು. ಇವೆಲ್ಲ ಬರುವವರೆಗೆ ನನ್ನ ವರದಿಯ ಕೊನೆಯ ಸಾಲು ಒಂದೇ: ಗ್ರ್ಯಾನುಲೋಮಾ ಉರಿಯೂತ, ಕಾರಣದ ಶೋಧ ಮುಂದುವರಿದಿದೆ.