ಹಳೆಯ ವೋಲ್ವೊ ವ್ಯಾಗನ್ನಿನಲ್ಲಿ ಹದಿಮೂರು ಚಳಿಗಾಲ

2009ರ ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಬಳಿ 1992ರ ವೋಲ್ವೊ 240 ಸ್ಟೇಷನ್ ವ್ಯಾಗನ್ ಒಂದನ್ನು ನೋಡಲು ಹೋದಾಗ ಅದರ ಮೈಲಿ ಮೀಟರು 1,48,212 ತೋರಿಸುತ್ತಿತ್ತು. ಹತ್ತು ಮೈಲಿ ಓಡಿಸಿಕೊಂಡು ಬಂದ ಮೇಲೂ ಕೊನೆಯ ಅಂಕೆ ಕದಲಿರಲಿಲ್ಲ. ಮಾರುತ್ತಿದ್ದವರು ನಿವೃತ್ತ ಮೇಷ್ಟರು. ಅದು ನಿಂತು ಎರಡೋ ಮೂರೋ ವರ್ಷವಾಗಿದೆಯೆಂದು ಕೇಳಿದ ಕೂಡಲೇ ಒಪ್ಪಿಕೊಂಡರು. ವೇಗದ ಮುಳ್ಳು ಸರಿಯಾಗಿದ್ದು ಮೈಲಿಯ ಅಂಕೆ ಮಾತ್ರ ನಿಂತಿದ್ದರೆ, ಮೀಟರಿನೊಳಗಿನ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ವಯಸ್ಸಾಗಿ ಸೀಳಿದೆ ಎಂದೇ ಬಹುತೇಕ ತಿಳಿಯಬಹುದು. ಈ ನೆಪದಲ್ಲಿ ಬೆಲೆ 1,800 ಡಾಲರಿನಿಂದ 1,500ಕ್ಕೆ ಇಳಿಯಿತು. ಚಕ್ರವನ್ನು ಆ ಚಳಿಗಾಲದಲ್ಲೇ ಬದಲಿಸಿದೆನಾದರೂ, ಕಾರು ನಿಜವಾಗಿ ಎಷ್ಟು ಓಡಿದೆಯೆಂಬುದು ಮೊದಲ ದಿನದಿಂದಲೇ ಒಗಟಾಗಿ ಉಳಿಯಿತು.

ಕೊಳ್ಳುವ ಮುನ್ನ ನಾನು ಬಣ್ಣವನ್ನಾಗಲಿ ಸೀಟಿನ ಬಟ್ಟೆಯನ್ನಾಗಲಿ ಹೆಚ್ಚು ನೋಡಲಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಈ ಸೀಮೆಯಲ್ಲಿ ಹಳೆಯ ಕಾರನ್ನು ಕೊಲ್ಲುವುದು ಇಂಜಿನ್ನಲ್ಲ, ತುಕ್ಕು. ನೆಲಕ್ಕೆ ಹಳೆಯ ಚಾಪೆ ಹಾಸಿ, ಬೆನ್ನ ಮೇಲೆ ಮಲಗಿ, ಜಾಕ್ ಕೊಡುವ ಜಾಗಗಳನ್ನೂ ಚಾಲಕನ ಕಾಲಡಿಯ ತಗಡನ್ನೂ ಟಾರ್ಚ್ ಹಿಡಿದು ಅರ್ಧ ಗಂಟೆ ತಟ್ಟಿ ನೋಡಿದೆ. ಗಟ್ಟಿಯಾದ ಸದ್ದು ಬಂದ ಮೇಲೆಯೇ ಹಣದ ಮಾತು.

1974ರಿಂದ 1993ರವರೆಗೆ ತಯಾರಾದ ಈ 240 ಸಾಲಿನ ಕಾರುಗಳು 28 ಲಕ್ಷಕ್ಕೂ ಹೆಚ್ಚು. ನನ್ನದರಲ್ಲಿದ್ದುದು ಬಿ230ಎಫ್ ಎಂಬ 2.3 ಲೀಟರಿನ, ಎರಕದ ಕಬ್ಬಿಣದ ಬ್ಲಾಕಿನ, ನಾಲ್ಕು ಸಿಲಿಂಡರಿನ ಇಂಜಿನ್ನು. ಅದರ 114 ಅಶ್ವಶಕ್ತಿಯಲ್ಲಿ ಹೆದ್ದಾರಿಗೆ ಸೇರಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು. ಆದರೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಅದರ ಟೈಮಿಂಗ್ ಬೆಲ್ಟು ಓಡುತ್ತಿರುವಾಗಲೇ ತುಂಡಾದರೂ ಪಿಸ್ಟನ್ನು ವಾಲ್ವಿಗೆ ಬಡಿದು ಇಂಜಿನ್ನು ಹಾಳಾಗುವುದಿಲ್ಲ. ಕಾರು ನಿಲ್ಲುತ್ತದೆ, ಹೊಸ ಬೆಲ್ಟು ಹಾಕಿದರೆ ಮತ್ತೆ ಓಡುತ್ತದೆ. ಹಾಗೆಂದು ನಾನು ಕಾಯಲಿಲ್ಲ. 50,000 ಮೈಲಿಗೊಮ್ಮೆ ಬದಲಿಸಬೇಕೆಂಬುದು ನಿಯಮ. ಮೀಟರನ್ನೇ ನಂಬುವಂತಿರಲಿಲ್ಲವಾದ್ದರಿಂದ ಮೊದಲ ತಿಂಗಳಲ್ಲೇ ಬೆಲ್ಟನ್ನೂ ನೀರಿನ ಪಂಪನ್ನೂ ಒಟ್ಟಿಗೆ ಬದಲಿಸಿದೆ.

ಮರುವರ್ಷ ನಮ್ಮ ತಂದೆ ದಾವಣಗೆರೆಯಿಂದ ಬಂದಿದ್ದರು. ಇಪ್ಪತ್ತು ವರ್ಷ ಅಂಬಾಸಿಡರ್ ಇಟ್ಟುಕೊಂಡಿದ್ದ ಅವರು ಬಾನೆಟ್ ಎತ್ತಿಸಿ, ಇಂಜಿನ್ನಿನ ಎರಡೂ ಪಕ್ಕಕ್ಕೆ ಮೊಣಕೈವರೆಗೆ ಕೈ ಇಳಿಸಿ ನೋಡಿ, "ಪರವಾಗಿಲ್ಲ ಕಣೋ, ಇದರಲ್ಲಿ ಕೈ ಹೋಗುತ್ತೆ" ಎಂದರು. ಈ ಕಾರಿನ ಬಗ್ಗೆ ಅದಕ್ಕಿಂತ ದೊಡ್ಡ ಶಿಫಾರಸನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೈ ಹೋಗುವುದರ ಬೆಲೆ ಗೊತ್ತಾದದ್ದು ಆಯಿಲ್ ಸೋರಿದಾಗ. ಇಂಜಿನ್ನು ಗೇರ್‌ಬಾಕ್ಸಿಗೆ ಸೇರುವ ಜಾಗದ ಕೆಳಗೆ ದಿನವೂ ಅಂಗೈಯಗಲದ ಕಲೆ ಬೀಳತೊಡಗಿತು. ಆಯಿಲು ಹೊರಬರದಂತೆ ತಡೆಯುವ ಹಿಂಬದಿಯ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 900 ಡಾಲರ್ ಆಗುತ್ತದೆ ಎಂದರು ಒಂದು ಗ್ಯಾರೇಜಿನವರು. ಅವರ ಮಾತು ಸುಳ್ಳಲ್ಲ, ಆದರೆ ಸೀಲು ಏಕೆ ಸೋರಿತು ಎಂಬ ಪ್ರಶ್ನೆ ಅದಕ್ಕೂ ಮೊದಲಿನದು. ಇಂಜಿನ್ನಿನೊಳಗೆ ಹುಟ್ಟುವ ಆವಿ ಹೊರಹೋಗುವ ದಾರಿಯಲ್ಲಿ ಫ್ಲೇಮ್ ಟ್ರ್ಯಾಪ್ ಎಂಬ ತೂತುತೂತಿನ ಬಿಲ್ಲೆಯೊಂದಿದೆ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಆಯಿಲು ಸೀಲುಗಳ ಸಂದಿನಿಂದ ಹೊರಬರುತ್ತದೆ. ಇದನ್ನು ತಿಳಿಯುವ ಉಪಾಯ ಸುಲಭ. ಇಂಜಿನ್ನನ್ನು ಓಡಲು ಬಿಟ್ಟು, ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ಅದಕ್ಕೆ ತೊಡಿಸಿದೆ. ಜೋತುಬಿದ್ದಿದ್ದ ಬೆರಳುಗಳು ಒಂದೊಂದಾಗಿ ಎದ್ದು, ಕೊನೆಗೆ ಇಡೀ ಹಸ್ತವೇ ಉಬ್ಬಿ ನನಗೆ ನಮಸ್ಕಾರ ಮಾಡುವಂತೆ ನಿಂತಿತು. ಇಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನ ಕೆಳಗಿನಿಂದ ಹೊರತೆಗೆದ ಬಿಲ್ಲೆ ಡಾಂಬರಿನಲ್ಲಿ ಅದ್ದಿದಂತಿತ್ತು. ಹೊಸ ಬಿಲ್ಲೆಗೂ ಕೊಳವೆಗೂ ಕೆಲವೇ ಡಾಲರು. ಅವನ್ನು ಹಾಕಿದ ಮೇಲೆ ಅದೇ ಕೈಗವಸು ಒಳಕ್ಕೆ ಎಳೆದುಕೊಂಡಿತು. ಸೋರಿಕೆ ವಾರಕ್ಕೊಂದು ಹನಿಗೆ ಇಳಿಯಿತು. ಸೀಲನ್ನು ಮುಂದಿನ ನಾಲ್ಕು ವರ್ಷ ಮುಟ್ಟಬೇಕಾಗಲಿಲ್ಲ.

ಹಿಂಬಾಗಿಲಿನ ವೈಪರು ಕೆಟ್ಟದ್ದನ್ನು ಮೊದಲು ಗಮನಿಸಿದವಳು ಹೆಂಡತಿ. ಮೋಟಾರು ಚೆನ್ನಾಗಿಯೇ ಇತ್ತು. ವರ್ಷಾನುಗಟ್ಟಲೆ ಬಾಗಿಲು ತೆಗೆದು ಹಾಕಿ, ಕೀಲಿನ ಬಳಿ ತಂತಿಗಳು ಮಡಚಿ ಮಡಚಿ ತುಂಡಾಗಿದ್ದವು; ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಖಂಡವಾಗಿದ್ದು ಒಳಗಿನ ತಾಮ್ರ ಮಾತ್ರ ಕಡಿದಿದ್ದುದರಿಂದ, ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು, ರಬ್ಬರಿನಂತೆ ಹಿಗ್ಗಿದವನ್ನು ಗುರುತಿಸಿ ಬೆಸೆದೆ.

ನಡುದಾರಿಯಲ್ಲಿ ಕೈಕೊಟ್ಟದ್ದು ಒಂದೇ ಸಲ. ಜುಲೈ ಬಿಸಿಲಲ್ಲಿ ಕನ್ನಡ ಕೂಟದ ವನಭೋಜನದಿಂದ ಮರಳುವಾಗ ಇಂಜಿನ್ನು ಸದ್ದಿಲ್ಲದೆ ಆರಿಹೋಯಿತು, ಅರ್ಧ ಗಂಟೆಯ ನಂತರ ಏನೂ ಆಗಿಲ್ಲವೆಂಬಂತೆ ಹೊರಟಿತು. ಬಿಸಿಯಾದಾಗ ನಿಂತು ತಣಿದಾಗ ಹೊರಡುವುದು ಇಂಧನ ಪಂಪಿಗೆ ವಿದ್ಯುತ್ತು ಹಾಯಿಸುವ ಸ್ವಿಚ್ಚಾದ ರಿಲೇ ಕೆಟ್ಟಿರುವ ಲಕ್ಷಣ: ಒಳಗಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಹಳೆಯದನ್ನು ಬಿಚ್ಚಿ ಮರುಬೆಸುಗೆ ಹಾಕಿ, ಇನ್ನೊಂದನ್ನು ಕೊಂಡು ಎದುರಿನ ಖಾನೆಯಲ್ಲಿ ಖಾಯಂ ಇರಿಸಿದೆ.

ಪೆಟ್ರೋಲಿನ ಲೆಕ್ಕ ಹಿತವಾದದ್ದಲ್ಲ. ಊರೊಳಗೆ ಗ್ಯಾಲನ್ನಿಗೆ 20 ಮೈಲಿ, ಎಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರು. ಹಿಂದಿನ ಚಕ್ರಗಳು ಎಳೆಯುವ ಕಾರಾದ್ದರಿಂದ ಡಿಸೆಂಬರ್ ಬಂದೊಡನೆ ನಾಲ್ಕಕ್ಕೂ ಹಿಮದ ಟೈರು ಹಾಕಿಸಿ, ಹಿಂದೆ ಎರಡು ಮರಳುಚೀಲ ಇಡುತ್ತಿದ್ದೆ. ಹಿಂದಿನ ಸೀಟು ಮಡಚಿದರೆ ಆರಡಿಗೂ ಮಿಕ್ಕಿದ ನೆಲ. ಯುಗಾದಿಯ ದಿನ ಮೂವತ್ತು ಜನರ ಬಿಸಿಬೇಳೆಬಾತಿನ ಪಾತ್ರೆ, ಹಾರ್ಮೋನಿಯಂ, ತಬಲಾ ಎಲ್ಲವನ್ನೂ ಒಮ್ಮೆಗೇ ಸಾಗಿಸಿದ್ದುಂಟು. ಪಾತ್ರೆಯ ಸುತ್ತ ಕಂಬಳಿ ಸುತ್ತಿದ್ದರೂ ತುಪ್ಪ ಇಂಗಿನ ವಾಸನೆ ಕಾರಿನಲ್ಲಿ ಜೂನ್‌ವರೆಗೆ ಉಳಿಯಿತು.

2022ರ ವಾರ್ಷಿಕ ತಪಾಸಣೆಯಲ್ಲಿ, ನಾನು ಹಿಂದೆ ತಟ್ಟಿ ನೋಡಿದ್ದ ಜಾಕ್ ಕೊಡುವ ಜಾಗವನ್ನೇ ಪರೀಕ್ಷಕ ಸ್ಕ್ರೂಡ್ರೈವರಿನಿಂದ ಒತ್ತಿದ. ಅದು ಹಿಡಿಯವರೆಗೂ ಒಳಗಿಳಿಯಿತು. ಇಂಜಿನ್ನು ಆಗಲೂ ಒಂದೇ ತಿರುವಿಗೆ ಎದ್ದು ಕೂರುತ್ತಿದ್ದುದರಿಂದ, ಬಿಡಿಭಾಗಗಳಿಗೆಂದು ಬಂದ ಯುವಕನೊಬ್ಬ 600 ಡಾಲರ್ ಕೊಟ್ಟು ಟ್ರಕ್ಕಿಗೆ ಏರಿಸಿಕೊಂಡ. ಒಟ್ಟು ಎಷ್ಟು ಓಡಿದೆ ಎಂದು ಕೇಳಿದ. ಮೀಟರು 2,31,904 ತೋರಿಸುತ್ತಿತ್ತು. ಅದರ ಮೇಲೆ ಮೇಷ್ಟರ ಎರಡೋ ಮೂರೋ ವರ್ಷ ಸೇರಿಸಿಕೊಳ್ಳಿ ಎಂದೆ.